ಹೊಲಿಗೆ ಬಿಚ್ಚಿದ ಮೇಲೆ ಒಡೆಯುವ ನಾಳ: ತಲೆಪೆಟ್ಟಿನ ಅನ್ಯೂರಿಸಂ ಮತ್ತು ಕ್ಯಾತಿಟರ್ ಚಿಕಿತ್ಸೆ

ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲಿ ಯಾರಿಗಾದರೂ ಮೂಗಿನಿಂದ ರಕ್ತ ಬಂದರೆ ಮೊದಲು ಕೇಳಿಬರುವ ಮಾತು ‘ಉಷ್ಣ ಆಗಿದೆ’ ಎಂಬುದು. ನಮ್ಮ ಚಿಕ್ಕಪ್ಪನ ಮಗನ ವಿಷಯದಲ್ಲೂ ಅದೇ ಆಯಿತು. ಬೈಕಿನಿಂದ ಬಿದ್ದು, ಐದು ದಿನ ಆಸ್ಪತ್ರೆಯಲ್ಲಿದ್ದು, ಹುಬ್ಬಿನ ಮೇಲಿನ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದಿದ್ದ ಅವನಿಗೆ ಬಿದ್ದ ಹದಿನೇಳನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಎಡ ಹೊಳ್ಳೆಯಿಂದ ನಾಲ್ಕು ಹನಿ ರಕ್ತ ಬಿತ್ತು. ಚಿಕ್ಕಮ್ಮ ನೆತ್ತಿಗೆ ತಣ್ಣೀರು ತಟ್ಟಿ ಎಳನೀರು ಕುಡಿಸಿದರು. ಸಂಜೆ ಬಂದದ್ದು ಹನಿಯಲ್ಲ. ಸ್ಟೀಲ್ ಬೋಗುಣಿಯೊಂದು ಅರ್ಧ ತುಂಬುವ ಹೊತ್ತಿಗೆ ಅವನ ತುಟಿ ಬಿಳಿಚಿಕೊಂಡಿತ್ತು. 108ರ ವಾಹನದಲ್ಲಿ ತುಮಕೂರು ತಲುಪಿದಾಗ ಮೂಗಿಗೆ ಗಾಜ್ ಬಟ್ಟೆ ತುರುಕಿ ರಕ್ತ ತಡೆದ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದನಾ?’ ಎಂಬುದು. ಎರಡನೆಯದು, ‘ಎಡಗಣ್ಣು ಸರಿಯಾಗಿ ಕಾಣುತ್ತದಾ?’ ಎಂದು. ಬಿದ್ದಾಗಿನಿಂದ ಎಡಗಣ್ಣು ಮಂಜು ಎಂದು ಅವನು ಹೇಳುತ್ತಲೇ ಇದ್ದ. ಕನ್ನಡಕ ಬೇಕಾದೀತು ಎಂದು ನಾವು ಸುಮ್ಮನಿದ್ದೆವು.

ತಲೆಗೆ ಪೆಟ್ಟು, ಒಂದು ಕಣ್ಣಿನ ದೃಷ್ಟಿ ಕುಂದುವುದು, ಕೆಲವು ದಿನ ಅಥವಾ ವಾರಗಳ ನಂತರ ಮೂಗಿನಿಂದ ಭಾರೀ ರಕ್ತಸ್ರಾವ: ಈ ಮೂರೂ ಒಬ್ಬನಲ್ಲೇ ಕೂಡಿಬಂದರೆ, ತಲೆಬುರುಡೆಯ ತಳದಲ್ಲಿ ಹಾದುಹೋಗುವ ಕ್ಯಾರೋಟಿಡ್ ಅಪಧಮನಿಯಲ್ಲಿ ಪೆಟ್ಟಿನಿಂದಾದ ಅನ್ಯೂರಿಸಂ ಇರಬಹುದೆಂದು ವೈದ್ಯರು ಶಂಕಿಸುತ್ತಾರೆ. ಇದು ಅಪರೂಪದ ಕಾಯಿಲೆ. ಮಿದುಳಿನ ರಕ್ತನಾಳಗಳಲ್ಲಿ ಕಂಡುಬರುವ ಒಟ್ಟು ಅನ್ಯೂರಿಸಂಗಳಲ್ಲಿ ಪೆಟ್ಟಿನಿಂದ ಆಗುವವು ಶೇ 1ಕ್ಕಿಂತ ಕಡಿಮೆ. ಮಕ್ಕಳಲ್ಲಿ ಮಾತ್ರ ಈ ಪಾಲು ಗಣನೀಯವಾಗಿ ಹೆಚ್ಚು. ಅಪರೂಪವಾದದ್ದರಿಂದಲೇ ಇದು ಕೈತಪ್ಪುತ್ತದೆ, ಕೈತಪ್ಪಿ ಒಡೆದಾಗ ಶೇ 50ರವರೆಗೂ ಸಾವು ಸಂಭವಿಸಿದ ದಾಖಲೆಗಳು ವೈದ್ಯಕೀಯ ಬರಹಗಳಲ್ಲಿವೆ.

ಅನ್ಯೂರಿಸಂ ಎಂದರೆ ಅಪಧಮನಿಯ ಗೋಡೆಯಲ್ಲಿ ಉಂಟಾಗುವ ಉಬ್ಬು. ಆದರೆ ಎಲ್ಲ ಉಬ್ಬುಗಳೂ ಒಂದೇ ಬಗೆಯವಲ್ಲ, ಮುಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ಅಪಧಮನಿಯ ಗೋಡೆಗೆ ಮೂರು ಪದರಗಳಿವೆ: ರಕ್ತಕ್ಕೆ ತಾಗಿಕೊಂಡಿರುವ ನುಣುಪಾದ ಒಳಪದರ, ಸ್ನಾಯುಗಳಿರುವ ನಡುಪದರ, ಹೊರಗಿನ ಹೊದಿಕೆ. ವಯಸ್ಸು, ರಕ್ತದೊತ್ತಡ, ಧೂಮಪಾನ ಮುಂತಾದ ಕಾರಣಗಳಿಂದ ವರ್ಷಗಳ ಅವಧಿಯಲ್ಲಿ ನಾಳ ಕವಲೊಡೆಯುವ ಜಾಗದಲ್ಲಿ ಗೋಡೆ ಸವೆದು ಹೊರಕ್ಕೆ ಉಬ್ಬಿದರೆ, ಅದು ತೆಳುವಾಗಿದ್ದರೂ ನಾಳದ್ದೇ ಗೋಡೆ. ಸವೆದ ಟೈರಿನ ಸಂದಿಯಲ್ಲಿ ಟ್ಯೂಬು ಉಬ್ಬಿದ ಹಾಗೆ. ಪೆಟ್ಟಿನಿಂದ ಆದದ್ದು ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಮೂರೂ ಪದರಗಳು ಹರಿದು ರಕ್ತ ಹೊರಗೆ ಬಂದಿರುತ್ತದೆ, ಹೊರಬಂದ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪೇ ಸದ್ಯಕ್ಕೆ ಗೋಡೆಯಾಗಿ ನಿಂತಿರುತ್ತದೆ. ನಮ್ಮ ಕಡೆ ಹೇಮಾವತಿ ನಾಲೆಯ ಏರಿ ಬಿರುಕು ಬಿಟ್ಟದ್ದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಿರುಕಿನಿಂದ ಪಕ್ಕದ ಹೊಲಕ್ಕೆ ಇಳಿದ ನೀರು ತಾನೇ ಹೊತ್ತು ತಂದ ಹೂಳನ್ನು ಅಂಚಿಗೆ ಹಾಕಿಕೊಂಡು ಒಂದು ಗುಂಡಿಯಾಗಿ ನಿಲ್ಲುತ್ತದೆ. ದೂರದಿಂದ ನೋಡಿದವರಿಗೆ ಅದು ನಾಲೆಯದೇ ಒಂದು ಹೊಟ್ಟೆಯಂತೆ ಕಾಣುತ್ತದೆ. ಆದರೆ ಆ ಗುಂಡಿಯ ದಡ ಕಾಂಕ್ರೀಟಿನದಲ್ಲ, ಹಸಿ ಕೆಸರಿನದು. ಹೀಗಾಗಿಯೇ ಇದನ್ನು ವೈದ್ಯರು ಹುಸಿ ಅನ್ಯೂರಿಸಂ ಎಂದು ಕರೆಯುತ್ತಾರೆ. ಹುಸಿ ಎಂಬುದು ಗೋಡೆಗೆ ಸಂಬಂಧಿಸಿದ ಮಾತು, ಅಪಾಯಕ್ಕಲ್ಲ.

ಮಿದುಳಿನ ನಾಳಗಳಿಗೆ ಪೆಟ್ಟು ಬೀಳುವ ಜಾಗಗಳು ಹೆಚ್ಚು ಕಡಿಮೆ ಗೊತ್ತಿರುವಂಥವೇ. ನಾಳವು ಎಲ್ಲಿ ಮೂಳೆಗೋ ಗಟ್ಟಿ ಪೊರೆಗೋ ಅಂಟಿಕೊಂಡು ಅಲುಗಾಡಲಾರದೋ ಅಲ್ಲಿ ಅದು ಹರಿಯುತ್ತದೆ. ಮಿದುಳಿನ ಎರಡು ಅರ್ಧಗಳ ನಡುವೆ ಪರದೆಯಂತೆ ಇಳಿಬಿದ್ದಿರುವ ಫಾಲ್ಕ್ಸ್ ಎಂಬ ಗಟ್ಟಿ ಪೊರೆಯ ಅಂಚಿಗೆ, ತಲೆ ಬಡಿದ ಕ್ಷಣದಲ್ಲಿ ಮಿದುಳು ಜಾರಿದಾಗ, ಮುಂಭಾಗದ ಅಪಧಮನಿಯ ಕವಲು ಉಜ್ಜಿ ಗಾಯವಾಗುವುದುಂಟು. ಬುರುಡೆಯ ಚೂರು ಒಳಕ್ಕೆ ಕುಸಿದಲ್ಲಿ ಅದರ ಕೆಳಗಿನ ಸಣ್ಣ ನಾಳಗಳು, ಕಣತಲೆಯ ಮೂಳೆ ಬಿರಿದಲ್ಲಿ ಮಿದುಳಿನ ಹೊರಪೊರೆಗೆ ರಕ್ತ ಕೊಡುವ ನಾಳ ಗಾಯಗೊಳ್ಳಬಹುದು. ನಮ್ಮ ಹುಡುಗನದು ಬುರುಡೆಯ ತಳದ ಬಿರುಕು. ಕುತ್ತಿಗೆಯಿಂದ ಮೇಲೇರುವ ಕ್ಯಾರೋಟಿಡ್ ಅಪಧಮನಿ ಅಲ್ಲಿ ಮೂಳೆಯ ಕೊಳವೆಯೊಳಗೆ ನುಸುಳಿ, ಹಾವಿನಂತೆ ಬಳುಕಿ, ಕಣ್ಣಿನ ಹಿಂದೆ ಮೇಲಕ್ಕೆ ಹೊರಡುತ್ತದೆ. ಆ ತಿರುವಿನಲ್ಲಿ ಅದಕ್ಕೂ ಮೂಗಿನ ಹಿಂದಿರುವ ಗಾಳಿಗೂಡಿಗೂ ನಡುವೆ ಇರುವುದು ಅತಿ ತೆಳುವಾದ ಮೂಳೆಯ ಹಾಳೆಯೊಂದೇ. ಅದು ಬಿರುಕು ಬಿಟ್ಟಿದ್ದರೆ ಒಡೆದ ರಕ್ತಕ್ಕೆ ದಾರಿ ಮೂಗೇ. ಅದೇ ತಿರುವಿನಲ್ಲಿ ನಾಳದ ಸುತ್ತಲಿರುವ ಅಭಿಧಮನಿಯ ಕೋಶಕ್ಕೆ ರಕ್ತ ನುಗ್ಗಿದರೆ ಕಣ್ಣುಗುಡ್ಡೆ ಕೆಂಪಾಗಿ ಮುಂದಕ್ಕೆ ಬಂದು, ಕಿವಿಯಲ್ಲಿ ನಾಡಿಯ ಲಯಕ್ಕೆ ‘ಹುಸ್ ಹುಸ್’ ಎಂಬ ಸದ್ದು ಕೇಳತೊಡಗುತ್ತದೆ. ಇದು ಬೇರೆಯದೇ ತೊಂದರೆಯಾದರೂ ಚಿಕಿತ್ಸೆಯ ದಾರಿ ಒಂದೇ.

ಹೆಪ್ಪಿನ ಗೋಡೆ ಮೊದಲ ದಿನಗಳಲ್ಲಿ ಗಟ್ಟಿಯಾಗಿರುತ್ತದೆ. ಗಾಯದ ಹೆಪ್ಪನ್ನು ಕರಗಿಸುವುದು ದೇಹದ ಸಹಜ ಕೆಲಸ. ಆ ಕೆಲಸ ಮುಂದುವರಿದಂತೆ ಗೋಡೆ ಸಡಿಲಗೊಂಡು, ಒಳಗೆ ಟೊಳ್ಳು ಮೂಡಿ, ನಾಡಿಯ ಪ್ರತಿಯೊಂದು ಬಡಿತವೂ ಆ ಟೊಳ್ಳನ್ನು ಹಿಗ್ಗಿಸುತ್ತ ಹೋಗುತ್ತದೆ. ಸಾಮಾನ್ಯವಾಗಿ ಪೆಟ್ಟು ಬಿದ್ದ ಎರಡು ಮೂರು ವಾರಗಳ ಸುಮಾರಿಗೆ ಇದು ಒಡೆಯುವುದು ಈ ಕಾರಣದಿಂದಲೇ, ಅಂದರೆ ಹೊರಗಿನ ಗಾಯ ಮಾಗಿ, ನೋಡಲು ಬರುವ ನೆಂಟರೂ ಕಡಿಮೆಯಾದ ಮೇಲೆ. ಮೊದಲ ದಿನದ ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣದಿರುವುದಕ್ಕೂ ಇದೇ ಕಾರಣ. ಆಗ ಮಾಡಿದ ಸ್ಕ್ಯಾನು ತಪ್ಪಲ್ಲ. ಕಾಣಬೇಕಾದದ್ದು ಇನ್ನೂ ಮೂಡಿರಲಿಲ್ಲ ಅಷ್ಟೇ. ನಮ್ಮ ಹುಡುಗನ ಡಿಸ್ಚಾರ್ಜ್ ಚೀಟಿಯಲ್ಲಿ ಬುರುಡೆಯ ತಳ ಬಿರುಕು ಬಿಟ್ಟಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು, ಅದರ ಅರ್ಥವನ್ನಾಗಲೀ ಎರಡನೆಯ ವಾರದಲ್ಲಿ ಇನ್ನೊಮ್ಮೆ ನಾಳಗಳ ಸ್ಕ್ಯಾನು ಬೇಕೆಂಬುದನ್ನಾಗಲೀ ಯಾರೂ ಮನೆಯವರಿಗೆ ಹೇಳಲಿಲ್ಲ. ಕಾಯಿಲ್, ಸ್ಟೆಂಟ್ ಎಂಬ ದುಬಾರಿ ಸಾಮಾನುಗಳ ಬಗ್ಗೆ ಮುಂದೆ ಬರೆಯಲಿದ್ದೇನೆ. ಆದರೆ ನನ್ನ ಮಟ್ಟಿಗೆ ಈ ಕಾಯಿಲೆಯ ಚಿಕಿತ್ಸೆಯಲ್ಲಿ ಅವೆಲ್ಲಕ್ಕಿಂತ ಹೆಚ್ಚಿನದು, ಮತ್ತೊಮ್ಮೆ ನೋಡಬೇಕಾದ ದಿನ ಯಾವುದೆಂದು ತಿಳಿದಿರುವುದು. ಬಿರುಕು ಕ್ಯಾರೋಟಿಡ್ ಹಾಯುವ ಮೂಳೆಯ ಕೊಳವೆಗೆ ತಗಲಿದ್ದರೆ, ಮೂಳೆಯ ಚೂರೋ ಕಬ್ಬಿಣದ ತುಂಡೋ ಒಳಹೊಕ್ಕಿದ್ದರೆ, ಪೆಟ್ಟಿನ ಪ್ರಮಾಣಕ್ಕೆ ಮೀರಿದ ರಕ್ತ ಮಿದುಳಿನ ಮೇಲ್ಮೈಯಲ್ಲಿ ಕಂಡರೆ, ಚೇತರಿಸಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ, ನಾಳಗಳ ಚಿತ್ರ ತೆಗೆಯಲೇಬೇಕು. ಮೊದಲನೆಯದು ಸರಿಯಾಗಿದ್ದರೂ ಒಂದೆರಡು ವಾರ ಬಿಟ್ಟು ಮತ್ತೆ ತೆಗೆಯಬೇಕು.

ಕೈಗೆ ಡೈ ಕೊಟ್ಟು ತೆಗೆಯುವ ಸಿ.ಟಿ. ಆಂಜಿಯೋಗ್ರಾಂ ಬೇಗ ಆಗುತ್ತದೆ, ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ. ಆದರೆ ಮೂಳೆಗೆ ಒತ್ತಿಕೊಂಡ ಸಣ್ಣ ಉಬ್ಬು ಅದರಲ್ಲಿ ಮರೆಯಾಗಬಹುದಾದ್ದರಿಂದ ಕೊನೆಯ ಮಾತು ಡಿ.ಎಸ್.ಎ. ಎಂಬ ಪರೀಕ್ಷೆಯದು. ನಾಳದೊಳಗೇ ಕ್ಯಾತಿಟರ್ ಎಂಬ ಸಪೂರ ಕೊಳವೆ ಇಳಿಸಿ, ಅಯೋಡಿನ್ ಇರುವ ಡೈ ಬಿಟ್ಟು, ಡೈ ಬಿಡುವ ಮೊದಲಿನ ಚಿತ್ರವನ್ನು ನಂತರದ ಚಿತ್ರದಿಂದ ಕಂಪ್ಯೂಟರ್ ಕಳೆದುಬಿಟ್ಟರೆ ಮೂಳೆಯೆಲ್ಲ ಮಾಯವಾಗಿ ರಕ್ತನಾಳಗಳಷ್ಟೇ ಎಲೆಯುದುರಿದ ಮರದಂತೆ ಉಳಿಯುತ್ತವೆ. ಆ ಮರದಲ್ಲಿ ಒಂದು ಕಡೆ ಡೈ ನಿಧಾನವಾಗಿ ತುಂಬಿ, ಉಳಿದೆಡೆ ಖಾಲಿಯಾದ ಮೇಲೂ ಅಲ್ಲೇ ತಂಗಿದ್ದರೆ ಅದು ಹುಸಿ ಅನ್ಯೂರಿಸಂನ ಗುರುತು. ಮಿದುಳಿನ ನಾಳಗಳನ್ನು ಹೀಗೆ ಮೊದಲು ಎಕ್ಸ್‌ರೇಯಲ್ಲಿ ಕಂಡವರು ಪೋರ್ಚುಗಲ್‌ನ ಎಗಾಸ್ ಮೋನಿಜ್, 1927ರಲ್ಲಿ. ಅವರು ಡೈಯನ್ನು ಕುತ್ತಿಗೆಯ ನಾಳಕ್ಕೇ ಚುಚ್ಚುತ್ತಿದ್ದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್, ಸೂಜಿಯ ಮೂಲಕ ತಂತಿ ತೂರಿಸಿ, ಸೂಜಿ ತೆಗೆದು, ಆ ತಂತಿಯ ಮೇಲೆಯೇ ಕೊಳವೆ ಜಾರಿಸುವ ಉಪಾಯ ಕಂಡುಹಿಡಿದ ಮೇಲೆ ತೊಡೆಸಂದಿನಿಂದ ತಲೆಯವರೆಗೆ ದಾರಿ ತೆರೆಯಿತು.

ಇಂದಿಗೂ ದಾರಿ ಅದೇ. ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಗೆ ಸೂಜಿ ಚುಚ್ಚಿ, ಸುಮಾರು 2 ಮಿಲಿಮೀಟರ್ ದಪ್ಪದ ಕೊಳವೆಯೊಂದನ್ನು ಹೊಟ್ಟೆ, ಎದೆ ದಾಟಿಸಿ (ಮಣಿಕಟ್ಟಿನಿಂದಾದರೆ ತೋಳಿನ ಮೂಲಕ) ಕುತ್ತಿಗೆಯವರೆಗೆ ಒಯ್ದು ನಿಲ್ಲಿಸುತ್ತಾರೆ. ಅದರೊಳಗಿಂದ ಇನ್ನೊಂದು, 1 ಮಿಲಿಮೀಟರಿಗಿಂತ ಸಪೂರವಾದ ಮೈಕ್ರೋ ಕ್ಯಾತಿಟರ್. ಅದರೊಳಗೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪದ ತಂತಿ. ತಂತಿಯ ತುದಿ ತುಸು ಬಾಗಿರುತ್ತದೆ, ಹೊರಗಿನ ತುದಿಯನ್ನು ಬೆರಳಲ್ಲಿ ಹೊರಳಿಸಿದರೆ ತಲೆಯೊಳಗಿನ ತುದಿ ಕವಲನ್ನು ಆರಿಸಿಕೊಳ್ಳುತ್ತದೆ. ನಾಳದ ಒಳಪದರಕ್ಕೆ ನೋವಿನ ನರಗಳಿಲ್ಲದ ಕಾರಣ ಕೊಳವೆ ಚಲಿಸುವುದು ರೋಗಿಗೆ ಗೊತ್ತಾಗುವುದಿಲ್ಲ. ಡೈ ಬಿಟ್ಟಾಗ ಮಾತ್ರ ಮುಖದ ಒಂದು ಭಾಗ ಕ್ಷಣಕಾಲ ಬಿಸಿಯಾಗುತ್ತದೆ.

ಅಲ್ಲಿ ತಲುಪಿದ ಮೇಲೆ ಮಾಡುವುದೇನು? ಸವೆತದಿಂದಾದ ಅನ್ಯೂರಿಸಂಗೆ ಉತ್ತರ ಸರಳ: ಉಬ್ಬಿನೊಳಗೆ ಪ್ಲಾಟಿನಂನ ಮೆದುವಾದ ಸುರುಳಿಗಳನ್ನು, ಅಂದರೆ ಕಾಯಿಲ್‌ಗಳನ್ನು, ಒಂದಾದ ಮೇಲೊಂದು ತುಂಬಿ ಅದನ್ನು ಮುಚ್ಚುವುದು. ಇಟಲಿಯ ಗುಲ್ಯೆಲ್ಮಿ ಲಾಸ್ ಏಂಜಲೀಸ್‌ನಲ್ಲಿ ರೂಪಿಸಿದ ಈ ಕಾಯಿಲ್‌ಗಳನ್ನು ರೋಗಿಗಳಲ್ಲಿ ಮೊದಲು ಬಳಸಿದ್ದು 1990ರಲ್ಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟದ್ದು 1995ರಲ್ಲಿ. ಸುರುಳಿ ಸರಿಯಾಗಿ ಕುಳಿತಿದೆಯೆಂದು ಖಾತ್ರಿಯಾಗುವವರೆಗೆ ಅದನ್ನು ಹಿಂದಕ್ಕೆ ಎಳೆದುಕೊಳ್ಳಬಹುದು, ಖಾತ್ರಿಯಾದ ಮೇಲೆ ಅತ್ಯಲ್ಪ ವಿದ್ಯುತ್ ಹರಿಸಿ ಬೆಸುಗೆ ಕರಗಿಸಿದರೆ ಅದು ಕಳಚಿಕೊಳ್ಳುತ್ತದೆ. ಪೆಟ್ಟಿನ ಅನ್ಯೂರಿಸಂನಲ್ಲಿ ಈ ಉಪಾಯವನ್ನು ಹಾಗೆಯೇ ಬಳಸಿದರೆ ಕೆಸರಿನ ದಡಕ್ಕೆ ಕಲ್ಲು ಪೇರಿಸಿದಂತೆ. ತುಂಬುವಾಗಲೇ ಹೆಪ್ಪಿನ ಗೋಡೆ ಒಡೆಯಬಹುದು. ಒಡೆಯದಿದ್ದರೂ ದಿನ ಕಳೆದಂತೆ ಹೆಪ್ಪು ಕರಗಿ, ಕಾಯಿಲ್‌ಗಳು ಅದರೊಳಕ್ಕೆ ಸರಿದು, ಬಾಯಿ ಮತ್ತೆ ತೆರೆದುಕೊಳ್ಳಬಹುದು. ಹಾಗಾಗಿ ಇಲ್ಲಿ ಹೆಚ್ಚಾಗಿ ಮುಚ್ಚುವುದು ಉಬ್ಬನ್ನಲ್ಲ, ಹರಿದ ನಾಳವನ್ನೇ.

ನಾಳವನ್ನೇ ಮುಚ್ಚುವುದೆಂದರೆ ಕೇಳಿದವರ ಎದೆ ಝಲ್ಲೆನ್ನುತ್ತದೆ. ನಮ್ಮ ಚಿಕ್ಕಪ್ಪ, ‘ಮಿದುಳಿಗೆ ಹೋಗೋ ರಕ್ತಾನೇ ನಿಲ್ಲಿಸಿಬಿಟ್ಟರೆ ಹುಡುಗ ಉಳೀತಾನಾ ಸಾರ್?’ ಎಂದು ಕೇಳಿಯೇ ಬಿಟ್ಟರು. ಇದಕ್ಕೆ ಉತ್ತರ ಮಿದುಳಿನ ತಳದಲ್ಲಿದೆ. ಕುತ್ತಿಗೆಯ ಮುಂದಿನ ಎರಡು ಕ್ಯಾರೋಟಿಡ್‌ಗಳು, ಹಿಂದಿನ ಎರಡು ವರ್ಟಿಬ್ರಲ್ ಅಪಧಮನಿಗಳು, ಈ ನಾಲ್ಕೂ ಅಲ್ಲಿ ಒಂದು ಬಳೆಯಂತೆ ಸೇರಿಕೊಂಡಿವೆ; 1664ರಲ್ಲಿ ಅದನ್ನು ವಿವರವಾಗಿ ಚಿತ್ರಿಸಿದ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಹೆಸರಿನಲ್ಲೇ ಆ ಬಳೆ ಇಂದಿಗೂ ಕರೆಸಿಕೊಳ್ಳುತ್ತದೆ. ಬಳೆ ಗಟ್ಟಿಯಾಗಿದ್ದರೆ ಒಂದು ಕಡೆಯ ನಾಳ ನಿಂತರೂ ಇನ್ನೊಂದು ಕಡೆಯಿಂದ ರಕ್ತ ಬರುತ್ತದೆ. ಆದರೆ ಎಲ್ಲರ ಬಳೆಯೂ ಪೂರ್ತಿಯಾಗಿರುವುದಿಲ್ಲ. ಇವನದು ಪೂರ್ತಿಯೇ ಅಲ್ಲವೇ ಎಂಬುದನ್ನು ಮುಚ್ಚುವ ಮೊದಲೇ ತಿಳಿಯಬೇಕು.

ಅದಕ್ಕಿರುವುದು ಬಲೂನ್ ಪರೀಕ್ಷೆ. ರೋಗಿಯನ್ನು ಎಚ್ಚರವಾಗಿಯೇ ಇಟ್ಟು, ಮುಚ್ಚಬೇಕೆಂದಿರುವ ಕ್ಯಾರೋಟಿಡ್‌ನೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ, ಸುಮಾರು ಅರ್ಧ ಗಂಟೆ ರಕ್ತ ತಡೆದು, ಕೈಕಾಲು, ಮಾತು, ಬುದ್ಧಿ ಸರಿಯಾಗಿವೆಯೇ ಎಂದು ನಿಮಿಷನಿಮಿಷಕ್ಕೂ ನೋಡುತ್ತಾರೆ. ಸ್ವಲ್ಪ ತೊದಲಿದರೂ ಬಲೂನು ಇಳಿಸಿಬಿಡುತ್ತಾರೆ. ಅವನು ಆಮೇಲೆ ನಮಗೆ ಹೇಳಿದ್ದಿಷ್ಟು: ಎಡ ಮಿದುಳಿನ ಪರೀಕ್ಷೆಯಾದ್ದರಿಂದ ಬಲಗೈಗೆ ಒತ್ತಿದರೆ ಕೀಂ ಎನ್ನುವ ರಬ್ಬರ್ ಗೊಂಬೆ ಕೊಟ್ಟಿದ್ದರಂತೆ. ‘ಒತ್ತಪ್ಪ’ ಎಂದಾಗಲೆಲ್ಲ ಒತ್ತಬೇಕು. ನೂರರಿಂದ ಹಿಂದಕ್ಕೆ ಎಣಿಸು ಎಂದರಂತೆ, ನಿಮ್ಮ ಜಿಲ್ಲೆಯ ತಾಲ್ಲೂಕುಗಳನ್ನು ಹೇಳು ಎಂದರಂತೆ. ಮೂಗಿನ ತುಂಬ ಗಾಜ್ ಇದ್ದ ಅವನು ಗುಂಯ್‌ಗುಡುವ ದನಿಯಲ್ಲಿ ಗುಬ್ಬಿಯಿಂದ ಶುರುಮಾಡಿ ಒಂಬತ್ತು ಹೇಳಿ ನಿಂತ. ವೈದ್ಯರು ಒಂದು ಕ್ಷಣ ಗಾಬರಿಯಾದರಂತೆ. ಬಿಟ್ಟುಹೋದದ್ದು ಪಾವಗಡ. ಅದು ಮಿದುಳಿಗೆ ರಕ್ತ ಸಾಲದ್ದರಿಂದ ಆದ ತಪ್ಪಲ್ಲ. ಶಾಲೆಯಲ್ಲೂ ಅವನಿಗೆ ಅದು ನೆನಪಿರುತ್ತಿರಲಿಲ್ಲ. ರಕ್ತ ಧಾರೆಯಾಗಿ ಹೋಗುತ್ತಿರುವಾಗ ಇಷ್ಟು ವ್ಯವಧಾನ ಇರುವುದಿಲ್ಲ. ಆಗ ಇನ್ನೊಂದು ಬದಿಯ ನಾಳಕ್ಕೆ ಡೈ ಬಿಟ್ಟು, ಬಳೆಯ ಮೂಲಕ ಅದು ಈಚೆಗೆ ದಾಟುತ್ತಿದೆಯೇ ಎಂದಷ್ಟೇ ನೋಡಿ ತೀರ್ಮಾನಿಸಬೇಕಾಗುತ್ತದೆ.

ಪರೀಕ್ಷೆಯಲ್ಲಿ ಗೆದ್ದ ಮೇಲೆ ಅರಿವಳಿಕೆ ಕೊಟ್ಟು ಮುಚ್ಚುವ ಕೆಲಸ. ಇಲ್ಲೊಂದು ಸೂಕ್ಷ್ಮವಿದೆ. ಹರಿದ ಜಾಗದ ಕೆಳಗೆ ಮಾತ್ರ ಮುಚ್ಚಿದರೆ ಸಾಲದು, ಏಕೆಂದರೆ ಯಾವ ಬಳೆ ಮಿದುಳನ್ನು ಕಾಪಾಡುತ್ತದೆಯೋ ಅದೇ ಬಳೆಯಿಂದ ರಕ್ತ ಹಿಂದಕ್ಕೆ ಇಳಿದುಬಂದು ಮತ್ತೆ ಅದೇ ತೂತಿನಿಂದ ಸುರಿಯುತ್ತದೆ. ಮೇಲಿನ ತೂಬು ಹಾಕಿದರೂ ಕೆಳಗಿನ ಕೆರೆಯ ನೀರು ನಾಲೆಗೆ ಹಿಮ್ಮೆಟ್ಟಿದಂತೆ. ಆದ್ದರಿಂದ ತೂತನ್ನು ದಾಟಿ ಮೇಲಕ್ಕೆ ಹೋಗಿ, ಅಲ್ಲಿಂದ ಕಾಯಿಲ್ ತುಂಬುತ್ತ, ತೂತಿನ ಮುಂದೆ ಹಾದು, ಕೆಳಕ್ಕೆ ಬಂದು ನಿಲ್ಲಿಸುತ್ತಾರೆ. ಅವನಿಗೆ ಹನ್ನೊಂದು ಕಾಯಿಲ್ ಬಿದ್ದವು. ಕಾಯಿಲ್ ಬರುವ ಮೊದಲು ಈ ಕೆಲಸ ಮಾಡಿದ್ದು ಕಳಚಿಕೊಳ್ಳುವ ಬಲೂನು. ಮಾಸ್ಕೋದ ಶಸ್ತ್ರವೈದ್ಯ ಸೆರ್ಬಿನೆಂಕೊ ಅದನ್ನು ರೂಪಿಸಿ 1974ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಮೇ ದಿನದ ಉತ್ಸವದಲ್ಲಿ ಮಕ್ಕಳ ಕೈಯ ಬಲೂನುಗಳು ದಾರ ಹಿಡಿದತ್ತ ತೇಲುವುದನ್ನು ನೋಡಿ ಅವರಿಗೆ ಇದು ಹೊಳೆಯಿತೆಂದು ಹೇಳುತ್ತಾರೆ.

ಮಿದುಳಿನ ಮೇಲ್ಮೈಯ ಸಣ್ಣ ಕವಲಿನಲ್ಲಿ ಉಬ್ಬು ಇದ್ದರೆ ಕಾಯಿಲ್ ಬದಲು ಅಂಟು ಬಳಸುವುದುಂಟು. ಇದು ಅಂಗಡಿಯಲ್ಲಿ ಸಿಗುವ ಫೆವಿಕ್ವಿಕ್‌ನ ರಾಸಾಯನಿಕ ಕುಲಕ್ಕೇ ಸೇರಿದ ದ್ರವ. ರಕ್ತ ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಕೊಳವೆಯೊಳಗೇ ಗಟ್ಟಿಯಾಗಬಾರದೆಂದು ಮೊದಲು ಗ್ಲೂಕೋಸ್ ನೀರಿನಿಂದ ಅದನ್ನು ತೊಳೆದು, ಎಕ್ಸ್‌ರೇಯಲ್ಲಿ ಕಾಣುವಂತೆಯೂ ತುಸು ನಿಧಾನವಾಗುವಂತೆಯೂ ಎಣ್ಣೆಯಂಥ ಡೈ ಬೆರೆಸಿ, ಬಿಟ್ಟ ಮರುಗಳಿಗೆಯೇ ಕೊಳವೆಯನ್ನು ಎಳೆದುಕೊಳ್ಳಬೇಕು. ತಡವಾದರೆ ಕೊಳವೆಯ ತುದಿ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಅಂಥ ಸಣ್ಣ ಕವಲು ಮುಚ್ಚಿದಾಗ ಅಕ್ಕಪಕ್ಕದ ಕವಲುಗಳು ಮೇಲ್ಮೈಯಿಂದ ರಕ್ತ ಒದಗಿಸುವುದರಿಂದ ಅನೇಕರಿಗೆ ತೊಂದರೆ ಕಾಣುವುದಿಲ್ಲ. ಆದರೆ ಕೈಯ ಚಲನೆಗೋ ಮಾತಿಗೋ ಸೇರಿದ ಭಾಗವಾಗಿದ್ದರೆ ಅಳೆದು ಸುರಿದು ನೋಡಬೇಕಾಗುತ್ತದೆ.

ಬಲೂನ್ ಪರೀಕ್ಷೆಯಲ್ಲಿ ಸೋತವರ ಕಥೆಯೇನು ಎಂಬ ಪ್ರಶ್ನೆ ಇದ್ದೇ ಇದೆ. ಅವರಿಗೆ ನಾಳವನ್ನು ಉಳಿಸಿಕೊಂಡೇ ತೂತು ಮುಚ್ಚಬೇಕು. ಹೊದಿಕೆಯಿರುವ ಸ್ಟೆಂಟ್, ಅಂದರೆ ನಾಳದೊಳಗೆ ಕೂರಿಸುವ ಲೋಹದ ಕೊಳವೆ, ಒಂದು ದಾರಿ. ಅದು ತೂತನ್ನು ಒಡನೆ ಮರೆಮಾಡುತ್ತದೆ, ಆದರೆ ಬಿರುಸಾದದ್ದರಿಂದ ತಲೆಯೊಳಗಿನ ತಿರುವುಗಳಲ್ಲಿ ಸುಲಭವಾಗಿ ಸಾಗದು. ಇನ್ನೊಂದು ಫ್ಲೋ ಡೈವರ್ಟರ್, ಒತ್ತಾಗಿ ಹೆಣೆದ ಲೋಹದ ಜಾಲರಿಯ ಕೊಳವೆ. ಅಮೆರಿಕದಲ್ಲಿ ಇಂಥದೊಂದಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅದು ರಕ್ತವನ್ನು ನಾಳದ ಉದ್ದಕ್ಕೆ ತಿರುಗಿಸಿ, ಉಬ್ಬಿನೊಳಗಿನ ರಕ್ತ ನಿಂತು ಹೆಪ್ಪುಗಟ್ಟುವಂತೆ ಮಾಡುತ್ತದೆ, ತಿಂಗಳುಗಳಲ್ಲಿ ಜಾಲರಿಯ ಮೇಲೆ ಹೊಸ ಒಳಪದರ ಬೆಳೆಯುತ್ತದೆ. ಕೇಳಲು ಸೊಗಸಾಗಿದೆ, ತೊಡಕು ಎರಡು. ಒಂದು, ಇದು ಕೆಲಸ ಮಾಡಲು ವಾರ, ತಿಂಗಳು ಬೇಕು. ಹಸಿ ಗೋಡೆ ಅಷ್ಟು ದಿನ ಕಾಯುತ್ತದೆಯೇ? ಎರಡು, ಜಾಲರಿಯ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆಯನ್ನೂ ತಿಂಗಳುಗಟ್ಟಲೆ ಕೊಡಬೇಕು. ತಲೆ ಒಡೆದು, ಮಿದುಳು ಜಜ್ಜಿ, ಒಳಗೆ ರಕ್ತ ಸೋರಿರುವ ವ್ಯಕ್ತಿಗೆ ರಕ್ತ ತೆಳುಮಾಡುವ ಮಾತ್ರೆ ಕೊಡುವುದು ಎಷ್ಟು ಕಠಿಣ ತೀರ್ಮಾನವೆಂದು ಬಿಡಿಸಿ ಹೇಳಬೇಕಿಲ್ಲ. ಕಾಯಿಲ್ ಮತ್ತು ಜಾಲರಿ ಎರಡನ್ನೂ ಕೂಡಿಸುವುದು, ಮಾತ್ರೆ ಶುರುಮಾಡುವ ದಿನವನ್ನು ಲೆಕ್ಕಹಾಕುವುದು, ಇವೆಲ್ಲ ಒಬ್ಬೊಬ್ಬ ರೋಗಿಗೂ ಬೇರೆಬೇರೆ.

ಇಷ್ಟೆಲ್ಲ ಇರುವಾಗ ಬುರುಡೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಹಳತಾಯಿತೆಂದು ತಿಳಿಯಬಾರದು. ದೊಡ್ಡ ಹೆಪ್ಪು ಮಿದುಳನ್ನು ಒತ್ತುತ್ತಿದ್ದರೆ ಅದನ್ನು ತೆರೆದೇ ತೆಗೆಯಬೇಕು, ಹೇಗೂ ತೆರೆದಿರುವಾಗ ಮೇಲ್ಮೈಯ ಹರಿದ ನಾಳವನ್ನೂ ಅಲ್ಲೇ ಸರಿಪಡಿಸಬಹುದು. ಪರೀಕ್ಷೆಯಲ್ಲಿ ಸೋತವರಿಗೆ ನೆತ್ತಿಯ ನಾಳವನ್ನೋ ಕೈಯ ನಾಳವನ್ನೋ ಮಿದುಳಿನ ನಾಳಕ್ಕೆ ಜೋಡಿಸುವ ಬೈಪಾಸ್ ಮಾಡಿ, ನಂತರ ಕ್ಯಾರೋಟಿಡ್ ಮುಚ್ಚುವುದೂ ಇದೆ. ಆದರೆ ಬುರುಡೆಯ ತಳದ ಮೂಳೆಯೊಳಗೆ ಹುದುಗಿದ ತೂತಿಗೆ ಕತ್ತಿಯ ದಾರಿ ಬಹಳ ದುರ್ಗಮ. ಹುಸಿ ಅನ್ಯೂರಿಸಂನ ಬುಡಕ್ಕೆ ಚಿಮುಟದಂಥ ಕ್ಲಿಪ್ ಹಾಕೋಣವೆಂದರೆ ಹಿಡಿಯಲು ಗಟ್ಟಿ ಕತ್ತೇ ಇರುವುದಿಲ್ಲ. ಕ್ಯಾತಿಟರ್ ಗೆದ್ದಿರುವುದು ಇಲ್ಲಿ.

ಗೆಲುವಿಗೂ ಬೆಲೆಯಿದೆ. ಚಿಕಿತ್ಸೆಯ ನಡುವೆಯೇ ಉಬ್ಬು ಒಡೆಯಬಹುದು, ಹೆಪ್ಪಿನ ಚೂರು ಮುಂದೆ ಸಾಗಿ ಲಕ್ವ ಹೊಡೆಯಬಹುದು, ಬಲೂನ್ ಪರೀಕ್ಷೆಯಲ್ಲಿ ಗೆದ್ದವರಲ್ಲೂ ಕೆಲವರಿಗೆ ಆಮೇಲೆ ರಕ್ತ ಸಾಲದೆ ತೊಂದರೆಯಾಗಬಹುದು. ಡೈಯಿಂದ ಅಲರ್ಜಿ, ಮೂತ್ರಪಿಂಡಕ್ಕೆ ಹೊರೆ, ತೊಡೆಸಂದಿನಲ್ಲಿ ರಕ್ತ ಕಟ್ಟುವುದು ಇವೂ ಇವೆ. ಮೊದಲ ಕೆಲವು ದಿನ ರಕ್ತದೊತ್ತಡ ಇಳಿಯದಂತೆ ನೋಡಿಕೊಳ್ಳುತ್ತಾರೆ, ಏಕೆಂದರೆ ಮೂರು ನಾಳಗಳು ನಾಲ್ಕರ ಕೆಲಸ ಮಾಡಬೇಕಾಗಿದೆ. ನಮ್ಮ ಹುಡುಗನ ಮೂಗಿನ ಗಾಜ್ ತೆಗೆದಾಗ ರಕ್ತ ಬರಲಿಲ್ಲ. ಎಡಗಣ್ಣಿನ ಮಂಜು ಹೋಗಲಿಲ್ಲ. ಬಿದ್ದ ದಿನವೇ ಕಣ್ಣಿನ ನರಕ್ಕೆ ಆದ ಪೆಟ್ಟನ್ನು ಯಾವ ಕಾಯಿಲೂ ತಿದ್ದಲಾರದು.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ನಿಮ್ಹಾನ್ಸ್‌ನಲ್ಲಿ ಇಂಥ ಚಿಕಿತ್ಸೆಗೆಂದೇ ವಿಭಾಗವಿದೆ, ಆದರೆ ಅದು ಇರುವುದು ಹೊಸೂರು ರಸ್ತೆಯಲ್ಲಿ, ನೆಲಮಂಗಲದ ಕಡೆಯಿಂದ ಬರುವವರು ಪೀಣ್ಯದ ದಟ್ಟಣೆಯಿಂದ ಹಿಡಿದು ಇಡೀ ನಗರವನ್ನು ದಾಟಬೇಕು. ದುಡ್ಡಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರ 2025ರಲ್ಲಿ ತಂದ ನಗದುರಹಿತ ಚಿಕಿತ್ಸಾ ಯೋಜನೆ 1.5 ಲಕ್ಷ ರೂಪಾಯಿವರೆಗೆ ವೆಚ್ಚ ಭರಿಸುತ್ತದೆ, ಆದರೆ ಅಪಘಾತವಾದ ದಿನದಿಂದ 7 ದಿನಗಳವರೆಗೆ ಮಾತ್ರ. ಮೂರನೆಯ ವಾರದಲ್ಲಿ ಒಡೆಯುವ ನಾಳಕ್ಕೆ ಆ ಗಡುವು ತಲುಪುವುದಿಲ್ಲ. ಬಿ.ಪಿ.ಎಲ್. ಕುಟುಂಬಗಳು ಆಗ ನೆಚ್ಚಿಕೊಳ್ಳಬೇಕಾದದ್ದು ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು, ಅದಕ್ಕೆ ರೇಷನ್ ಕಾರ್ಡು ಮತ್ತು ಆಧಾರ್ ಜೊತೆಗಿದ್ದರೆ ಓಡಾಟ ಕಡಿಮೆ.

ಆರು ತಿಂಗಳ ನಂತರ ಮತ್ತೆ ಆಂಜಿಯೋಗ್ರಾಂ ಆಯಿತು, ಮುಚ್ಚಿದ್ದು ಮುಚ್ಚಿಯೇ ಇತ್ತು. ಅವನ ತಲೆಯ ಎಕ್ಸ್‌ರೇಯಲ್ಲಿ ಎಡಗಣ್ಣಿನ ಹಿಂದೆ ಬೆಳ್ಳಗೆ ಹೊಳೆಯುವ ದಾರದುಂಡೆಯೊಂದು ಕಾಣುತ್ತದೆ. ಅದೇ ಆ ಹನ್ನೊಂದು ಕಾಯಿಲ್. ಪ್ಲಾಟಿನಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಮುಂದೆ ಎಂ.ಆರ್.ಐ. ಮಾಡಿಸಬಹುದು, ಆದರೆ ಕಾಯಿಲ್ ಇದೆಯೆಂದು ಮೊದಲೇ ತಿಳಿಸಿ ಚೀಟಿ ತೋರಿಸಬೇಕು. ಆ ಚೀಟಿ ಮತ್ತು ಸಿ.ಡಿ.ಯನ್ನು ಚಿಕ್ಕಮ್ಮ ಬೀರುವಿನಲ್ಲಿ ಜಮೀನಿನ ಪಹಣಿಯ ಜೊತೆ ಇಟ್ಟಿದ್ದಾರೆ.